ಪುರುಷ ಬಂಜೆತನ ಇದ್ದಾಗ ಐವಿಎಫ್, ಇಕ್ಸಿ: ಫಲಿತಾಂಶದ ಅಂಕಿಯನ್ನು ಓದುವ ಬಗೆ

ವೀರ್ಯ ಪರೀಕ್ಷೆಯ ವರದಿಯಲ್ಲಿ ಕೊರತೆ ಕಂಡ ಮೇಲೆ ಚಿಕಿತ್ಸಾ ಕೇಂದ್ರಕ್ಕೆ ಹೋಗುವ ದಂಪತಿ ಮೊದಲು ಕೇಳುವುದು ಒಂದೇ ಮಾತು: ನಮಗೆ ಮಗುವಾಗುವ ಸಾಧ್ಯತೆ ಎಷ್ಟು? ಉತ್ತರವಾಗಿ ಸಿಗುವುದು ಬಹುಮಟ್ಟಿಗೆ ಒಂದು ಶೇಕಡಾವಾರು ಅಂಕಿ. ಆ ಅಂಕಿ ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಯಾರನ್ನು ಲೆಕ್ಕಕ್ಕೆ ಹಿಡಿದು, ಯಾವ ಹಂತದಿಂದ ಎಣಿಸಿ, ಯಾವುದನ್ನು ಯಶಸ್ಸೆಂದು ಕರೆದಿದ್ದಾರೆ ಎಂಬುದನ್ನು ಕೇಳದೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಿಗೆ ಮುಂದೆ ಆಗುವ ನಿರಾಸೆ ದೊಡ್ಡದು. ಆ ಅಂಕಿಯನ್ನು ಬಿಡಿಸಿ ನೋಡುವ ಕ್ರಮ, ಮತ್ತು ಅದನ್ನು ಸ್ವಲ್ಪವಾದರೂ ತಮ್ಮ ಕಡೆಗೆ ವಾಲಿಸಿಕೊಳ್ಳಲು ದಂಪತಿ ಮಾಡಬಹುದಾದ ಕೆಲಸ, ಇವೆರಡೇ ಈ ಬರಹದ ವಿಷಯ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಕೇಳಬೇಕಾದುದನ್ನು ತಿಳಿದಿರಲು ಮಾತ್ರ.

ಒಂದು ಸಂಗತಿಯನ್ನು ಆರಂಭದಲ್ಲೇ ಹೇಳಿಬಿಡಬೇಕು. ಅಂಡಾಣುವನ್ನು ದೇಹದ ಹೊರಗೆ, ಪ್ರಯೋಗಾಲಯದಲ್ಲಿ ಫಲೀಕರಣಗೊಳಿಸುವುದು ಐವಿಎಫ್. ಅದರಲ್ಲೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನ ಬಂದ ಮೇಲೆ ವೀರ್ಯಾಣುಗಳ ಕೊರತೆ ಮುಖ್ಯವಾಗಿ ಫಲೀಕರಣದ ಹೊಸ್ತಿಲಿನವರೆಗಿನ ಅಡ್ಡಿಯಾಗಿದೆ. ಆ ಹೊಸ್ತಿಲು ದಾಟಿದ ನಂತರ ಮಗು ಮನೆಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಪತ್ನಿಯ ವಯಸ್ಸು, ಅಂದರೆ ಅಂಡಾಣುವಿನ ವಯಸ್ಸು. ಪತಿಯ ತೊಂದರೆಗಾಗಿ ಚಿಕಿತ್ಸೆ ಪಡೆಯುವಾಗಲೂ ಪತ್ನಿಯ ವಯಸ್ಸನ್ನು ಮೊದಲು ಕೇಳುವುದು ಇದೇ ಕಾರಣಕ್ಕೆ. ಮುಂದಿನ ಪ್ರತಿಯೊಂದು ನಿರ್ಧಾರದಲ್ಲೂ ಈ ಸಂಗತಿ ಮರಳಿ ಬರುತ್ತದೆ.

ವೀರ್ಯ ಪರೀಕ್ಷೆಯ ವರದಿಯನ್ನು ಎಷ್ಟರಮಟ್ಟಿಗೆ ನಂಬಬೇಕು

ಬಂಜೆತನದ ತೊಂದರೆಯಿರುವ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆ. ಸುಮಾರು ಐದರಲ್ಲಿ ಒಂದು ಕಡೆ ಅದೊಂದೇ ಕಾರಣವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಆರನೆಯ ಆವೃತ್ತಿ 2021ರಲ್ಲಿ ಬಂತು. ಅದರ ಪ್ರಕಾರ ಕೆಳಗಿನ ಮಿತಿಗಳು ಹೀಗಿವೆ: ವೀರ್ಯದ ಪ್ರಮಾಣ 1.4 ಮಿ.ಲೀ., ಒಂದು ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಒಟ್ಟು ಚಲನಶೀಲತೆ ಶೇ. 42, ಮುಂದಕ್ಕೆ ಸಾಗುವ ಚಲನೆ ಶೇ. 30, ಸಹಜ ಆಕಾರದವು ಶೇ. 4. ಈ ಅಂಕಿಗಳನ್ನು ಪಾಸು, ಫೇಲಿನ ಗೆರೆಯಂತೆ ಓದುವವರೇ ಹೆಚ್ಚು. ಅವು ಹಾಗಲ್ಲ. ಪ್ರಯತ್ನ ಆರಂಭಿಸಿ ಒಂದು ವರ್ಷದೊಳಗೆ ಸಹಜವಾಗಿ ಗರ್ಭ ನಿಂತ ದಂಪತಿಗಳಲ್ಲಿ ಗಂಡಂದಿರ ವೀರ್ಯವನ್ನು ಅಳೆದು, ಅವರಲ್ಲಿ ಅತಿ ಕಡಿಮೆ ಇದ್ದ ಶೇ. 5ರಷ್ಟು ಮಂದಿ ಎಲ್ಲಿ ನಿಲ್ಲುತ್ತಾರೆಂದು ಗುರುತಿಸಿದ ಗೆರೆಗಳು ಅವು. ಈ ಗೆರೆಯ ಕೆಳಗಿದ್ದೂ ತಂದೆಯಾದವರಿದ್ದಾರೆ, ಮೇಲಿದ್ದೂ ಆಗದವರಿದ್ದಾರೆ. ಸಹಜ ಆಕಾರದವು ಶೇ. 4 ಮಾತ್ರ ಎಂದು ಓದಿ ಉಳಿದ ಶೇ. 96 ಕೆಟ್ಟಿವೆಯೆಂದು ಹೌಹಾರುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಒಂದೇ ವರದಿಯ ಮೇಲೆ ತೀರ್ಮಾನ ಮಾಡಬಾರದು. ಹಿಂದಿನ ವೀರ್ಯಸ್ಖಲನದಿಂದ ಎರಡರಿಂದ ಏಳು ದಿನಗಳ ಅಂತರ ಬಿಟ್ಟು ಮಾದರಿ ಕೊಡಬೇಕು. ಮೊದಲ ವರದಿಯಲ್ಲಿ ದೋಷ ಕಂಡರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾಗುತ್ತದೆ, ಅದು ಹೊರಬರುವ ದಾರಿಯಲ್ಲಿ ಇನ್ನೂ ಕೆಲವು ದಿನಗಳು ಕಳೆಯುತ್ತವೆ. ಹಾಗಾಗಿ ಎರಡು ತಿಂಗಳ ಹಿಂದೆ ಬಂದ ತೀವ್ರ ಜ್ವರವೂ ಇಂದಿನ ವರದಿಯನ್ನು ಕೆಡಿಸಬಲ್ಲದು. ಮಾದರಿ ಸಂಗ್ರಹಿಸುವಾಗ ಮೊದಲ ಭಾಗ ಚೆಲ್ಲಿಹೋಗಿದ್ದರೆ ಅದನ್ನು ಸಂಕೋಚವಿಲ್ಲದೆ ಪ್ರಯೋಗಾಲಯಕ್ಕೆ ತಿಳಿಸಬೇಕು, ಏಕೆಂದರೆ ವೀರ್ಯಾಣುಗಳು ಹೆಚ್ಚಾಗಿ ಇರುವುದು ಆ ಮೊದಲ ಭಾಗದಲ್ಲೇ.

ಚಿಕಿತ್ಸೆಯ ಆಯ್ಕೆಗೆ ಹೆಚ್ಚು ನೆರವಾಗುವುದು ಬಿಡಿ ಅಂಕಿಗಳಿಗಿಂತ ಚಲಿಸುವ ವೀರ್ಯಾಣುಗಳ ಒಟ್ಟು ಸಂಖ್ಯೆ. ಪ್ರಮಾಣ, ಸಾಂದ್ರತೆ, ಮುಂದಕ್ಕೆ ಸಾಗುವವುಗಳ ಶೇಕಡಾವಾರು, ಈ ಮೂರನ್ನು ಗುಣಿಸಿದರೆ ಅದು ಸಿಗುತ್ತದೆ: 2 ಮಿ.ಲೀ. ವೀರ್ಯ, ಮಿ.ಲೀ.ಗೆ 1 ಕೋಟಿ, ಚಲನೆ ಶೇ. 30 ಎಂದಾದರೆ 60 ಲಕ್ಷ. ಈ ಒಂದು ಸಂಖ್ಯೆಯನ್ನು ಬರೆದಿಟ್ಟುಕೊಂಡಿರಿ.

ಕಾರಣವನ್ನು ಹುಡುಕದೆ ಇಕ್ಸಿಗೆ ಹೋಗಬಾರದು

ಇಕ್ಸಿಗೆ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು ಎಂಬ ಅನುಕೂಲವೇ ಒಂದು ಕೆಟ್ಟ ರೂಢಿಯನ್ನೂ ತಂದಿದೆ. ಪುರುಷನನ್ನು ವೈದ್ಯರು ಮುಟ್ಟಿ ನೋಡದೆ, ಕೇವಲ ಕಾಗದದ ಮೇಲಿನ ವರದಿ ನೋಡಿ ದಂಪತಿಯನ್ನು ನೇರವಾಗಿ ಇಕ್ಸಿಗೆ ಕಳಿಸುವುದು ಅಪರೂಪವೇನಲ್ಲ. ಇದರಿಂದ ಎರಡು ನಷ್ಟಗಳಿವೆ. ಸರಿಪಡಿಸಬಹುದಾಗಿದ್ದ ಕಾರಣ ಹಾಗೆಯೇ ಉಳಿಯುತ್ತದೆ. ವೀರ್ಯದ ಕೊರತೆಯ ಹಿಂದೆ ಅಡಗಿರಬಹುದಾದ ಬೇರೆ ಕಾಯಿಲೆ, ಕೆಲವೊಮ್ಮೆ ವೃಷಣದ ಗೆಡ್ಡೆಯೂ ಸಹ, ಕಣ್ಣಿಗೆ ಬೀಳದೆ ಹೋಗುತ್ತದೆ. ಆದ್ದರಿಂದ ಪುರುಷರ ಸಂತಾನ ಸಮಸ್ಯೆಗಳನ್ನು ನೋಡುವ ಯುರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ಒಬ್ಬರಿಂದ ದೈಹಿಕ ತಪಾಸಣೆ ಆಗಲೇಬೇಕು.

ಸರಿಪಡಿಸಬಹುದಾದ ಕಾರಣಗಳಲ್ಲಿ ಮೊದಲು ಹೇಳಬೇಕಾದದ್ದು ಟೆಸ್ಟೊಸ್ಟಿರೋನ್ ಚುಚ್ಚುಮದ್ದು ಅಥವಾ ಜೆಲ್. ದೇಹದಾರ್ಢ್ಯಕ್ಕೋ ನಿಶ್ಶಕ್ತಿಗೋ ಇದನ್ನು ಬಳಸುವವರು ‘ಗಂಡಸಿನ ಹಾರ್ಮೋನ್ ತಾನೆ, ಒಳ್ಳೆಯದೇ ಆಗಬೇಕು’ ಎಂದುಕೊಂಡಿರುತ್ತಾರೆ. ಆಗುವುದು ತದ್ವಿರುದ್ಧ: ಹೊರಗಿನಿಂದ ಬಂದ ಹಾರ್ಮೋನು ಮೆದುಳಿನ ಪಿಟ್ಯುಟರಿ ಗ್ರಂಥಿಯನ್ನು ಸುಮ್ಮನಾಗಿಸಿ ವೃಷಣಕ್ಕೆ ಹೋಗುವ ಸಂದೇಶವನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ಉತ್ಪಾದನೆ ಪೂರ್ತಿ ನಿಂತುಹೋಗಬಹುದು. ಬಿಟ್ಟ ಮೇಲೆ ಬಹುತೇಕರಲ್ಲಿ ಚೇತರಿಕೆ ಆಗುತ್ತದೆ, ಆದರೆ ಅದಕ್ಕೆ ಹಲವು ತಿಂಗಳು, ಕೆಲವರಿಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಗುತ್ತದೆ. ಇನ್ನೊಂದು, ಪಿಟ್ಯುಟರಿಯಿಂದಲೇ ಸಂದೇಶ ಬಾರದ ಹುಟ್ಟಿನ ತೊಂದರೆ. ಇದಕ್ಕೆ ವೃಷಣಕ್ಕೆ ಆ ಸಂದೇಶ ಮುಟ್ಟಿಸುವ ಎಚ್‌ಸಿಜಿ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳ ಚುಚ್ಚುಮದ್ದುಗಳನ್ನು ತಿಂಗಳುಗಟ್ಟಲೆ ಕೊಟ್ಟರೆ ಅನೇಕರಲ್ಲಿ ವೀರ್ಯಾಣುಗಳು ಕಾಣಿಸಿಕೊಳ್ಳುತ್ತವೆ, ಕೆಲವರಿಗೆ ಸಹಜವಾಗಿಯೇ ಮಗುವಾಗುತ್ತದೆ. ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್ ಸಾಮಾನ್ಯ ಪುರುಷರಲ್ಲಿ ಸುಮಾರು ಶೇ. 15ರಷ್ಟು ಮಂದಿಗೆ ಇದ್ದರೆ, ಬಂಜೆತನಕ್ಕೆ ಚಿಕಿತ್ಸೆ ಅರಸುವವರಲ್ಲಿ ಶೇ. 35ರಿಂದ 40ರಷ್ಟು ಮಂದಿಯಲ್ಲಿ ಕಾಣುತ್ತದೆ. ಕೈಗೆ ಸಿಗುವಷ್ಟು ದೊಡ್ಡದಾಗಿದ್ದು, ವೀರ್ಯದಲ್ಲೂ ಕೊರತೆ ಇದ್ದು, ಪತ್ನಿಯ ವಯಸ್ಸು ಇನ್ನೂ ಅವಕಾಶ ಕೊಡುತ್ತಿದ್ದರೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬಹುದು. ಫಲ ಕಾಣಲು ಮೂರರಿಂದ ಆರು ತಿಂಗಳು ಕಾಯಬೇಕು. ಪತ್ನಿಗೆ 39 ವರ್ಷವಾಗಿದ್ದರೆ ಆ ಆರು ತಿಂಗಳು ಅವಳ ಅಂಡಾಣುಗಳ ಲೆಕ್ಕದಲ್ಲಿ ತುಂಬಾ ದುಬಾರಿ.

ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿರುವುದಕ್ಕೆ ಅಜೂಸ್ಪರ್ಮಿಯಾ ಎಂದು ಹೆಸರು. ನೂರು ಪುರುಷರಲ್ಲಿ ಒಬ್ಬರಿಗೆ ಇದು ಇರುತ್ತದೆ. ಮಾದರಿಯನ್ನು ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿದ ಮೇಲೆಯೇ ‘ಇಲ್ಲ’ ಎಂದು ಬರೆಯಬೇಕು. ಹಾಗೆ ಹುಡುಕಿದಾಗ ಕೆಲವರಲ್ಲಿ ಬೆರಳೆಣಿಕೆಯ ವೀರ್ಯಾಣುಗಳು ಸಿಕ್ಕಿ ಶಸ್ತ್ರಚಿಕಿತ್ಸೆಯೇ ತಪ್ಪಿದ್ದುಂಟು. ನಿಜವಾಗಿಯೂ ಇಲ್ಲವೆಂದಾದರೆ ಮುಂದಿನ ಪ್ರಶ್ನೆ, ಉತ್ಪಾದನೆಯಾಗಿಯೂ ದಾರಿ ಮುಚ್ಚಿದೆಯೋ, ಉತ್ಪಾದನೆಯೇ ಕುಸಿದಿದೆಯೋ ಎಂಬುದು. ವೃಷಣದ ಗಾತ್ರ ಸಹಜವಾಗಿದ್ದು ಎಫ್‌ಎಸ್‌ಎಚ್ ಕೂಡ ಸಹಜವಾಗಿದ್ದರೆ ಸಾಮಾನ್ಯವಾಗಿ ಮೊದಲನೆಯದು. ವೃಷಣ ಚಿಕ್ಕದಾಗಿದ್ದು ಎಫ್‌ಎಸ್‌ಎಚ್ ಏರಿದ್ದರೆ ಎರಡನೆಯದು. ಫಲಿತಾಂಶದ ದೃಷ್ಟಿಯಿಂದ ಇವೆರಡರ ನಡುವಿನ ಅಂತರ ಅಪಾರ.

ಉತ್ಪಾದನೆ ಕುಸಿದವರಲ್ಲಿ, ಹಾಗೆಯೇ ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆ ಇರುವವರಲ್ಲಿ, ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ವರ್ಣತಂತುಗಳ ಪರೀಕ್ಷೆಯೂ ವೈ ವರ್ಣತಂತುವಿನ ಸೂಕ್ಷ್ಮ ಲೋಪಗಳ ಪರೀಕ್ಷೆಯೂ ಆಗಬೇಕು. ವೈ ವರ್ಣತಂತುವಿನ ಎಜೆಡ್‌ಎಫ್ ಎಂಬ ಪ್ರದೇಶದ ಎ ಅಥವಾ ಬಿ ಭಾಗ ಪೂರ್ತಿ ಲೋಪವಾಗಿದ್ದರೆ ವೃಷಣವನ್ನು ತೆರೆದು ಹುಡುಕಿದರೂ ವೀರ್ಯಾಣು ಸಿಗುವ ಆಸೆ ಇಲ್ಲವೆಂದೇ ತಿಳಿಯಬೇಕು; ಸಿ ಭಾಗ ಮಾತ್ರ ಲೋಪವಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಗಬಹುದು. ಒಂದು ರಕ್ತಪರೀಕ್ಷೆ ವ್ಯರ್ಥ ಶಸ್ತ್ರಚಿಕಿತ್ಸೆಯೊಂದನ್ನು ತಪ್ಪಿಸುವ ಇಂಥ ಸಂದರ್ಭಗಳು ವೈದ್ಯಕೀಯದಲ್ಲಿ ಹೆಚ್ಚಿಲ್ಲ. ವೀರ್ಯನಾಳ ಹುಟ್ಟಿನಿಂದಲೇ ಇಲ್ಲದ ಪುರುಷರಲ್ಲಿ ಶ್ವಾಸಕೋಶವನ್ನು ಕಾಡುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಗೆ ಸಂಬಂಧಿಸಿದ ಜೀನಿನ ದೋಷ ಇರುವ ಸಂಭವ ಹೆಚ್ಚು. ಅಲ್ಲಿ ಪತ್ನಿಯನ್ನೂ ಪರೀಕ್ಷಿಸಬೇಕು, ಏಕೆಂದರೆ ಇಬ್ಬರಲ್ಲೂ ದೋಷವಿದ್ದರೆ ಮಗುವಿಗೆ ಆ ಕಾಯಿಲೆ ಬರಬಹುದು.

ಯಾವ ಚಿಕಿತ್ಸೆ, ಯಾರಿಗೆ

ತೊಳೆದು ಸಾಂದ್ರಗೊಳಿಸಿದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುವ ಐಯುಐ ಸರಳ, ನೋವು ಕಡಿಮೆ. ತೊಳೆದ ನಂತರ 50 ಲಕ್ಷಕ್ಕಿಂತ ಹೆಚ್ಚು ಚಲಿಸುವ ವೀರ್ಯಾಣುಗಳು ಉಳಿಯುವಂತಿದ್ದು, ಪತ್ನಿಯ ಗರ್ಭನಾಳಗಳು ತೆರೆದಿದ್ದು, ಅವಳ ವಯಸ್ಸು ಚಿಕ್ಕದಿದ್ದರೆ ಇದನ್ನು ಮೂರು ನಾಲ್ಕು ಬಾರಿ ಪ್ರಯತ್ನಿಸುವುದರಲ್ಲಿ ಅರ್ಥವಿದೆ. ಪ್ರತಿ ಬಾರಿಯ ಯಶಸ್ಸು ಸಾಮಾನ್ಯವಾಗಿ ಹತ್ತರಲ್ಲಿ ಒಂದರ ಆಸುಪಾಸು. ತೊಳೆದ ಮೇಲೆ 10 ಲಕ್ಷವೂ ಉಳಿಯದವರಿಗೆ ಐಯುಐಯನ್ನು ಆರು, ಎಂಟು ಬಾರಿ ಮಾಡಿಸುವುದು ಕಾಲಹರಣ.

ಪ್ರನಾಳದಲ್ಲಿ ಫಲೀಕರಣಗೊಂಡ ಮೊದಲ ಮಗು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಐವಿಎಫ್‌ನ ಆ ಮೂಲ ವಿಧಾನದಲ್ಲಿ ಪ್ರತಿ ಅಂಡಾಣುವಿನ ಸುತ್ತ ಸಾವಿರಾರು ಚುರುಕಾದ ವೀರ್ಯಾಣುಗಳನ್ನು ಬಿಟ್ಟು, ಅವುಗಳಲ್ಲೊಂದು ತಾನಾಗಿಯೇ ಒಳಹೊಕ್ಕಲು ಕಾಯುತ್ತಾರೆ. ಹಾಗಾಗಿ ತೀವ್ರ ಕೊರತೆಯಿರುವ ಪುರುಷರಿಗೆ ಹದಿನಾಲ್ಕು ವರ್ಷ ಅದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ. 1992ರಲ್ಲಿ ಬ್ರಸೆಲ್ಸ್‌ನ ತಂಡವೊಂದು, ಒಂದೇ ವೀರ್ಯಾಣುವನ್ನು ಗಾಜಿನ ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸಿ ಪಡೆದ ಗರ್ಭಗಳ ವರದಿಯನ್ನು ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. ಅದೇ ಇಕ್ಸಿ. ಪಕ್ವವಾದ ಅಂಡಾಣುಗಳಲ್ಲಿ ಸುಮಾರು ಶೇ. 60ರಿಂದ 75ರಷ್ಟು ಇದರಿಂದ ಫಲೀಕರಣಗೊಳ್ಳುತ್ತವೆ. ಒಂದೂ ಫಲೀಕರಣಗೊಳ್ಳದಿರುವುದು ನೂರರಲ್ಲಿ ಒಂದು, ಎರಡು, ಮೂರು ಸುತ್ತುಗಳಲ್ಲಿ ಮಾತ್ರ.

ಇಕ್ಸಿ ಅಡ್ಡಿಯನ್ನು ದಾಟಿಸುತ್ತದೆಯೇ ಹೊರತು ಅದು ಎಲ್ಲರಿಗೂ ‘ಮೇಲ್ದರ್ಜೆಯ ಐವಿಎಫ್’ ಅಲ್ಲ. ವೀರ್ಯ ಸಹಜವಾಗಿರುವ ದಂಪತಿಗಳಲ್ಲಿ ಇಕ್ಸಿಯನ್ನೂ ಸಾಮಾನ್ಯ ಐವಿಎಫ್ ಅನ್ನೂ ಹೋಲಿಸಿ ವಿಯೆಟ್ನಾಂನಲ್ಲಿ ಸಾವಿರಕ್ಕೂ ಹೆಚ್ಚು ದಂಪತಿಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಗು ಹುಟ್ಟುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಡಿಗೆರೆಯ ಆಸುಪಾಸಿನ ವರದಿ ಇರುವವರು, ‘ನಮಗೆ ಇಕ್ಸಿ ಏಕೆ ಬೇಕು?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ವೃಷಣದಿಂದ ವೀರ್ಯಾಣು ತೆಗೆಯುವಾಗ

ದಾರಿ ಮುಚ್ಚಿರುವ ಅಜೂಸ್ಪರ್ಮಿಯಾದಲ್ಲಿ ವೃಷಣದ ಮೇಲಿನ ನಾಳದಿಂದಲೋ ವೃಷಣದಿಂದಲೇ ಸೂಜಿಯ ಮೂಲಕವೋ ತೆಗೆದಾಗ ಬಹುತೇಕ ಎಲ್ಲರಲ್ಲೂ ವೀರ್ಯಾಣು ಸಿಗುತ್ತದೆ. ಅದನ್ನು ಹೆಪ್ಪುಗಟ್ಟಿಸಿ ಇಟ್ಟು ನಂತರ ಬಳಸಿದರೂ ಫಲಿತಾಂಶ ಹೆಚ್ಚು ಕಡಿಮೆ ಆಗುವುದಿಲ್ಲ. ಇಂಥವರ ಪತ್ನಿಗೆ ವಯಸ್ಸು ಚಿಕ್ಕದಿದ್ದರೆ, ಐವಿಎಫ್ ಮಾಡಿಸುವ ಇತರ ದಂಪತಿಗಳಿಗೆ ಇರುವಷ್ಟೇ ಅವಕಾಶ ಇವರಿಗೂ ಇರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವರು ನಾಳವನ್ನು ಮರುಜೋಡಿಸುವ ಆಯ್ಕೆಯನ್ನೂ ಕೇಳಿ ತಿಳಿಯಬೇಕು.

ಉತ್ಪಾದನೆ ಕುಸಿದಿರುವಲ್ಲಿ ಕಥೆ ಬೇರೆ. ಸೂಕ್ಷ್ಮದರ್ಶಕದ ಕೆಳಗೆ ವೃಷಣವನ್ನು ತೆರೆದು, ಸ್ವಲ್ಪ ತುಂಬಿಕೊಂಡಂತೆ ಕಾಣುವ ನಾಳಿಕೆಗಳನ್ನು ಆರಿಸಿ ತೆಗೆಯುವ ಮೈಕ್ರೊ ಟೀಸಿ ವಿಧಾನದಲ್ಲಿ ಒಟ್ಟಾರೆ ಅರ್ಧದಷ್ಟು ಮಂದಿಯಲ್ಲಿ ವೀರ್ಯಾಣು ಸಿಗುತ್ತದೆ. ಒಂದು ಎಕ್ಸ್ ವರ್ಣತಂತು ಹೆಚ್ಚಿಗೆ ಇರುವ ಕ್ಲೈನ್‌ಫೆಲ್ಟರ್ ಸ್ಥಿತಿಯವರಲ್ಲೂ, ಒಂದು ಕಾಲದಲ್ಲಿ ಅವರಿಗೆ ಸ್ವಂತ ಮಗು ಸಾಧ್ಯವೇ ಇಲ್ಲ ಎನ್ನುತ್ತಿದ್ದರೂ, ಈ ಪ್ರಮಾಣ ಹೆಚ್ಚು ಬೇರೆಯಲ್ಲ. ಆದರೆ ಸಿಕ್ಕ ವೀರ್ಯಾಣುಗಳ ಫಲೀಕರಣದ ಸಾಮರ್ಥ್ಯ ಸ್ವಲ್ಪ ಕಡಿಮೆ, ಸಿಗುವ ಸಂಖ್ಯೆಯೂ ಕಡಿಮೆ.

ಇಲ್ಲಿ ಅಂಕಿಯ ಬಲೆ ಇದೆ. ನೂರು ಪುರುಷರು ಶಸ್ತ್ರಚಿಕಿತ್ಸೆಗೆ ಒಳಗಾದರು, ಐವತ್ತು ಮಂದಿಯಲ್ಲಿ ವೀರ್ಯಾಣು ಸಿಕ್ಕಿತು, ಅವರಲ್ಲಿ ಹದಿನೈದು ದಂಪತಿಗೆ ಮಗುವಾಯಿತು ಎಂದಿಟ್ಟುಕೊಳ್ಳಿ. ವೀರ್ಯಾಣು ಸಿಕ್ಕವರನ್ನು ಮಾತ್ರ ಎಣಿಸಿದರೆ ಯಶಸ್ಸು ಶೇ. 30, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ ಎಲ್ಲರನ್ನೂ ಎಣಿಸಿದರೆ ಶೇ. 15. ಎರಡೂ ಸರಿಯಾದ ಅಂಕಿಗಳೇ. ಶಸ್ತ್ರಚಿಕಿತ್ಸೆಗೆ ಇನ್ನೂ ಹೋಗದ ದಂಪತಿಗೆ ಬೇಕಾದದ್ದು ಮಾತ್ರ ಎರಡನೆಯದು.

ಹೀಗಾಗಿ ವೀರ್ಯಾಣು ಸಿಗದಿದ್ದರೆ ಏನು ಮಾಡುವುದೆಂದು ಮುಂಚೆಯೇ ನಿರ್ಧರಿಸಿರಬೇಕು. ಪತ್ನಿಯ ಅಂಡಾಣುಗಳನ್ನು ತೆಗೆಯುವ ದಿನವೇ ಪತಿಯ ಶಸ್ತ್ರಚಿಕಿತ್ಸೆಯನ್ನೂ ಇಟ್ಟುಕೊಂಡು, ಅಲ್ಲಿ ಏನೂ ಸಿಗದೆ ಹೋದರೆ, ಅರವಳಿಕೆಯ ಮಂಪರಿನಲ್ಲಿ ಆ ನಿರ್ಧಾರ ಮಾಡುವುದು ಯಾರಿಂದಲೂ ಆಗದ ಕೆಲಸ. ಮೊದಲು ಪತಿಯ ಶಸ್ತ್ರಚಿಕಿತ್ಸೆ ಮಾಡಿ ಸಿಕ್ಕ ವೀರ್ಯಾಣುಗಳನ್ನು ಹೆಪ್ಪುಗಟ್ಟಿಸಿಡಬೇಕೋ, ಒಂದೇ ದಿನ ಎರಡನ್ನೂ ಮಾಡಿ ಅಗತ್ಯ ಬಿದ್ದರೆ ಅಂಡಾಣುಗಳನ್ನು ಹೆಪ್ಪುಗಟ್ಟಿಸಬೇಕೋ, ದಾನಿಯ ವೀರ್ಯಕ್ಕೆ ಇಬ್ಬರ ಮನಸ್ಸೂ ಒಪ್ಪುತ್ತದೆಯೋ, ಇವುಗಳನ್ನು ವಾರಗಳ ಮುಂಚೆ ಆಪ್ತಸಮಾಲೋಚಕರೊಡನೆ ಕುಳಿತು ಮಾತಾಡಿ ಬರಹದಲ್ಲಿ ದಾಖಲಿಸಬೇಕು.

ಅಂಡಾಣುವಿನಿಂದ ಮಗುವಿನವರೆಗಿನ ಸೋರಿಕೆ

ಮೊದಲ ಬಾರಿಗೆ ಚಿಕಿತ್ಸೆ ಪಡೆಯುವವರಿಗೆ ಆಘಾತ ಕೊಡುವುದು ಪ್ರತಿ ಹಂತದಲ್ಲೂ ಸಂಖ್ಯೆ ಇಳಿಯುವ ರೀತಿ. ಹನ್ನೆರಡು ಅಂಡಾಣು ಸಿಕ್ಕವು ಎಂದು ಸಂಭ್ರಮಿಸಿದವರಿಗೆ ಮರುದಿನ ಏಳು ಫಲೀಕರಣಗೊಂಡವು ಎಂಬ ಕರೆ ಬರುತ್ತದೆ, ಐದನೆಯ ದಿನ ಮೂರು ಭ್ರೂಣ ಉಳಿದಿವೆ ಎಂದು. ಏನೋ ಎಡವಟ್ಟಾಗಿದೆ ಎಂದು ಅವರಿಗೆ ಅನಿಸುತ್ತದೆ. ವಾಸ್ತವದಲ್ಲಿ ಇದು ಒಳ್ಳೆಯ ಪ್ರಯೋಗಾಲಯದ ಸಹಜ ಲೆಕ್ಕ: ಹನ್ನೆರಡರಲ್ಲಿ ಸುಮಾರು ಹತ್ತು ಪಕ್ವವಾಗಿರುತ್ತವೆ, ಅವುಗಳಲ್ಲಿ ಮುಕ್ಕಾಲಿಗಿಂತ ತುಸು ಕಡಿಮೆ ಫಲೀಕರಣಗೊಳ್ಳುತ್ತವೆ, ಫಲೀಕರಣಗೊಂಡವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಐದಾರು ದಿನ ಬೆಳೆದು ಬ್ಲಾಸ್ಟೊಸಿಸ್ಟ್ ಹಂತ ಮುಟ್ಟುತ್ತವೆ.

ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸಿದ ಮೇಲಿನ ಭಾಗದಲ್ಲಿ ವಯಸ್ಸಿನ ಕೈವಾಡ ಸ್ಪಷ್ಟವಾಗಿ ಕಾಣುತ್ತದೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯಾದ ಎಚ್‌ಎಫ್‌ಇಎ 2019ಕ್ಕೆ ಸಂಬಂಧಿಸಿ ಪ್ರಕಟಿಸಿದ ಅಂಕಿಗಳಲ್ಲಿ, 35 ವರ್ಷದೊಳಗಿನ ಮಹಿಳೆಯರಲ್ಲಿ ಗರ್ಭಕೋಶಕ್ಕೆ ಸೇರಿಸಿದ ಪ್ರತಿ ಭ್ರೂಣಕ್ಕೆ ಮಗು ಹುಟ್ಟಿದ ಪ್ರಮಾಣ ಶೇ. 32, 40ರಿಂದ 42 ವರ್ಷದವರಲ್ಲಿ ಅದು ಶೇ. 11, 43 ದಾಟಿ ತಮ್ಮದೇ ಅಂಡಾಣು ಬಳಸಿದವರಲ್ಲಿ ಶೇ. 5ಕ್ಕಿಂತಲೂ ಕಡಿಮೆ. ಪತಿಯ ವೀರ್ಯಾಣುಗಳ ಸಂಖ್ಯೆ ಎಷ್ಟೇ ಇರಲಿ, ಇಷ್ಟು ದೊಡ್ಡ ಇಳಿತವನ್ನು ಅದು ಉಂಟುಮಾಡುವುದಿಲ್ಲ. ತಂದೆಯ ವಯಸ್ಸಿಗೆ ಪರಿಣಾಮವೇ ಇಲ್ಲವೆಂದು ಇದರ ಅರ್ಥವಲ್ಲ: ಪುರುಷನ ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮಗುವಿಗೆ ದಾಟುವ ಹೊಸ ಜೀನ್ ಮಾರ್ಪಾಡುಗಳು ಸರಾಸರಿ ಎರಡರಂತೆ ಹೆಚ್ಚುತ್ತವೆ. ಆದರೆ ಅವನ ವಯಸ್ಸಿನ ಪ್ರಭಾವ ನಿಧಾನದ್ದು, ಅವಳದು ಕಡಿದಾದದ್ದು.

ಕೇಂದ್ರದ ಅಂಕಿಯನ್ನು ಪ್ರಶ್ನಿಸುವುದು

ಒಂದು ಕಲ್ಪಿತ ಲೆಕ್ಕ ನೋಡಿ. ನೂರು ದಂಪತಿ ಅಂಡಾಣು ಬೆಳೆಸುವ ಚುಚ್ಚುಮದ್ದು ಆರಂಭಿಸಿದರು. ತೊಂಬತ್ತು ಮಂದಿಯಲ್ಲಿ ಅಂಡಾಣು ತೆಗೆಯುವ ಹಂತ ಬಂತು, ಎಪ್ಪತ್ತೈದು ಮಂದಿಯಲ್ಲಿ ಭ್ರೂಣ ಇರಿಸಲಾಯಿತು, ಮೂವತ್ತೈದು ಮಂದಿಯ ರಕ್ತಪರೀಕ್ಷೆಯಲ್ಲಿ ಗರ್ಭದ ಮೊದಲ ಸೂಚನೆಯಾದ ಎಚ್‌ಸಿಜಿ ಕಂಡಿತು, ಮೂವತ್ತು ಮಂದಿಯಲ್ಲಿ ಸ್ಕ್ಯಾನ್‌ನಲ್ಲಿ ಗರ್ಭ ಕಂಡಿತು, ಇಪ್ಪತ್ತೈದು ಮಂದಿಗೆ ಮಗುವಾಯಿತು. ಭ್ರೂಣ ಇರಿಸಿದವರನ್ನಷ್ಟೇ ಎಣಿಸಿ ರಕ್ತಪರೀಕ್ಷೆಯನ್ನು ಯಶಸ್ಸೆಂದರೆ ಶೇ. 47. ಆರಂಭಿಸಿದವರನ್ನೆಲ್ಲ ಎಣಿಸಿ ಜೀವಂತ ಜನನವನ್ನು ಯಶಸ್ಸೆಂದರೆ ಶೇ. 25. ಒಂದೇ ಕೇಂದ್ರ, ಒಂದೇ ವರ್ಷ, ಒಂದೇ ನೂರು ದಂಪತಿ.

ಆದ್ದರಿಂದ ಕೇಳಬೇಕಾದ ಪ್ರಶ್ನೆಯನ್ನು ಹೀಗೆ ರೂಪಿಸಿಕೊಳ್ಳಬಹುದು: ‘ನನ್ನ ಪತ್ನಿಯ ವಯೋಮಾನದವರಲ್ಲಿ, ನಮ್ಮಂಥದೇ ವೀರ್ಯದ ಸಮಸ್ಯೆ ಇದ್ದವರಲ್ಲಿ, ಚಿಕಿತ್ಸೆ ಆರಂಭಿಸಿದ ಪ್ರತಿ ನೂರು ದಂಪತಿಗೆ ಎಷ್ಟು ಮಕ್ಕಳು ಜೀವಂತವಾಗಿ ಹುಟ್ಟಿದರು? ಆ ನೂರರಲ್ಲಿ ದಾನಿಯ ಅಂಡಾಣು ಬಳಸಿದವರು ಸೇರಿದ್ದಾರೆಯೇ?’ ಕೊನೆಯ ವಾಕ್ಯವನ್ನು ಬಿಡಬಾರದು, ಏಕೆಂದರೆ ಚಿಕ್ಕ ವಯಸ್ಸಿನ ದಾನಿಯ ಅಂಡಾಣು ಬಳಸಿದವರನ್ನು ಒಳಗೆ ಸೇರಿಸಿದರೆ ಸರಾಸರಿ ಸುಲಭವಾಗಿ ಮೇಲೇರುತ್ತದೆ. ಇದಕ್ಕೆ ನೇರ ಉತ್ತರ ಕೊಡುವ ಕೇಂದ್ರ, ಉತ್ತರದಲ್ಲಿನ ಅಂಕಿ ಚಿಕ್ಕದಾಗಿದ್ದರೂ, ‘ಶೇ. 70 ಗ್ಯಾರಂಟಿ’ ಎನ್ನುವ ಕೇಂದ್ರಕ್ಕಿಂತ ನನ್ನ ಎಣಿಕೆಯಲ್ಲಿ ಮೇಲು.

ಒಂದು ಸುತ್ತಿನಲ್ಲಿ ಉಳಿದ ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಮುಂದೆ ಬಳಸುವುದರಿಂದ, ಒಮ್ಮೆ ಅಂಡಾಣು ತೆಗೆದದ್ದರಿಂದ ಬರುವ ಒಟ್ಟು ಫಲವನ್ನು ಸಂಚಿತ ಪ್ರಮಾಣವಾಗಿ ಕೇಳುವುದು ಇನ್ನೂ ಉತ್ತಮ. ಹಲವು ಸುತ್ತುಗಳ ಲೆಕ್ಕವೂ ಕಷ್ಟವಲ್ಲ: ಪ್ರತಿ ಸುತ್ತಿಗೆ ಶೇ. 30 ಅವಕಾಶವಿದ್ದರೆ ಮೂರು ಸುತ್ತಿಗೆ ಶೇ. 90 ಆಗುವುದಿಲ್ಲ, ವಿಫಲವಾಗುವ ಶೇ. 70ನ್ನು ಮೂರು ಬಾರಿ ಗುಣಿಸಿ ನೂರರಿಂದ ಕಳೆದರೆ ಸುಮಾರು ಶೇ. 66 ಬರುತ್ತದೆ. ಅದೂ ಮೂರನೆಯ ಸುತ್ತಿನವರೆಗೆ ಅವಕಾಶ ಕುಗ್ಗದೆ ಉಳಿದರೆ, ದಂಪತಿಯ ಹಣವೂ ಮನಸ್ಸೂ ಅಲ್ಲಿಯವರೆಗೆ ತಾಳಿದರೆ.

ಹುಟ್ಟುವ ಮಗುವಿನ ಆರೋಗ್ಯ

ಇಕ್ಸಿಯಿಂದ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರು. ಹಾಗೆಂದು ವ್ಯತ್ಯಾಸವೇ ಇಲ್ಲ ಎನ್ನಲಾಗದು. ಆಸ್ಟ್ರೇಲಿಯದಲ್ಲಿ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಜನ್ಮಜಾತ ದೋಷಗಳ ಪ್ರಮಾಣ ಸಹಜ ಗರ್ಭದಲ್ಲಿ ಶೇ. 5.8, ಐವಿಎಫ್‌ನಲ್ಲಿ ಶೇ. 7.2, ಇಕ್ಸಿಯಲ್ಲಿ ಶೇ. 9.9 ಇತ್ತು. ಈ ಹೆಚ್ಚಳ ಸೂಜಿಯ ವಿಧಾನದಿಂದ ಬಂದದ್ದೋ, ತಂದೆತಾಯಿಯ ಬಂಜೆತನದ ಹಿಂದಿರುವ ಕಾರಣದಿಂದಲೇ ಬಂದದ್ದೋ ಎಂಬುದು ಬಿಡಿಸಲಾಗದ ಗಂಟು. ಬೆಲ್ಜಿಯಂನಲ್ಲಿ ಇಕ್ಸಿಯಿಂದ ಹುಟ್ಟಿ ಹದಿನೆಂಟು ದಾಟಿದ ಯುವಕರ ವೀರ್ಯವನ್ನು ಪರೀಕ್ಷಿಸಿದಾಗ, ಸಹಜವಾಗಿ ಹುಟ್ಟಿದ ಓರಗೆಯವರಿಗಿಂತ ಅವರ ವೀರ್ಯಾಣು ಸಾಂದ್ರತೆ ಸುಮಾರು ಅರ್ಧದಷ್ಟಿತ್ತು. ತಂದೆಯ ವೈ ವರ್ಣತಂತುವಿನಲ್ಲಿ ಲೋಪವಿದ್ದರೆ ಅದು ಪ್ರತಿಯೊಬ್ಬ ಗಂಡುಮಗನಿಗೂ ದಾಟುತ್ತದೆ. ಇವುಗಳನ್ನು ಚಿಕಿತ್ಸೆಗೆ ಮೊದಲೇ ತಿಳಿದಿರುವುದು ದಂಪತಿಯ ಹಕ್ಕು.

ಮಗುವಿಗೂ ತಾಯಿಗೂ ಇರುವ ದೊಡ್ಡ ಅಪಾಯ, ತಪ್ಪಿಸಬಹುದಾದ ಅಪಾಯವೂ ಹೌದು, ಅವಳಿ ತ್ರಿವಳಿ ಗರ್ಭ. ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕ, ತಾಯಿಯ ರಕ್ತದೊತ್ತಡ ಎಲ್ಲವೂ ಅಲ್ಲಿ ಹೆಚ್ಚು. ಪತ್ನಿಗೆ ವಯಸ್ಸು ಚಿಕ್ಕದಿದ್ದು ಒಳ್ಳೆಯ ಭ್ರೂಣಗಳಿದ್ದರೆ ಒಮ್ಮೆಗೆ ಒಂದನ್ನೇ ಇರಿಸಿ ಉಳಿದವನ್ನು ಹೆಪ್ಪುಗಟ್ಟಿಸಲು ಒತ್ತಾಯಿಸಬೇಕು.

ಹೆಚ್ಚುವರಿ ಪರೀಕ್ಷೆ, ಮಾತ್ರೆಗಳು ಮತ್ತು ಮೂರು ತಿಂಗಳ ಸಿದ್ಧತೆ

ವೀರ್ಯ ವೃದ್ಧಿಯ ಹೆಸರಿನ ಮಾತ್ರೆಗಳಿಗೆ ಕೊನೆಯಿಲ್ಲ. ಫೋಲಿಕ್ ಆಮ್ಲ ಮತ್ತು ಸತುವನ್ನು ಪುರುಷರಿಗೆ ಆರು ತಿಂಗಳು ಕೊಟ್ಟು 2,370 ದಂಪತಿಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು: ಮಾತ್ರೆ ತೆಗೆದುಕೊಂಡವರಲ್ಲಿ ಜೀವಂತ ಜನನ ಶೇ. 34, ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 35. ಹಯಲುರೊನಾನ್ ಎಂಬ ವಸ್ತುವಿಗೆ ಅಂಟುವ ವೀರ್ಯಾಣುಗಳನ್ನು ಆರಿಸಿ ಇಕ್ಸಿ ಮಾಡುವ ವಿಧಾನವನ್ನು ಬ್ರಿಟನ್ನಿನಲ್ಲಿ 2,700ಕ್ಕೂ ಹೆಚ್ಚು ದಂಪತಿಗಳಲ್ಲಿ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲೂ ಅವಧಿ ತುಂಬಿದ ಜನನದ ಪ್ರಮಾಣ ಗಣನೀಯವಾಗಿ ಏರಲಿಲ್ಲ, ಗರ್ಭಪಾತ ಮಾತ್ರ ಕಡಿಮೆ ಇತ್ತು. ವೀರ್ಯಾಣುವಿನ ಡಿಎನ್‌ಎ ಎಷ್ಟು ತುಂಡಾಗಿದೆ ಎಂದು ಅಳೆಯುವ ಪರೀಕ್ಷೆಗೆ ಮೊದಲ ಸುತ್ತಿಗೆ ಮುಂಚೆ ಎಲ್ಲರಿಗೂ ಕಡ್ಡಾಯ ಮಾಡುವಷ್ಟು ಆಧಾರವಿಲ್ಲ. ಪದೇ ಪದೇ ಗರ್ಭಪಾತವಾದವರಿಗೆ ಅದರಿಂದ ಸುಳಿವು ಸಿಗಬಹುದು.

ದಂಪತಿಯ ಕೈಯಲ್ಲಿರುವುದು ಹೆಚ್ಚು ಸಾದಾ ಸಂಗತಿಗಳು. ವೀರ್ಯಾಣುವಿನ ಜನನಕ್ಕೆ ಹಿಡಿಯುವ ಕಾಲವನ್ನು ನೆನೆದರೆ, ಸಿದ್ಧತೆ ಅಂಡಾಣು ತೆಗೆಯುವ ದಿನಕ್ಕೆ ಮೂರು ತಿಂಗಳು ಮುಂಚೆ ಆರಂಭವಾಗಬೇಕು: ಸಿಗರೇಟು, ತಂಬಾಕು ಪೂರ್ತಿ ಬಿಡುವುದು, ಮದ್ಯ ತಗ್ಗಿಸುವುದು, ತೂಕ ಇಳಿಸುವುದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಡುವುದು, ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದು ಮುಂತಾದ ಶಾಖವನ್ನು ತಪ್ಪಿಸುವುದು, ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು. ಸಂಖ್ಯೆ ತೀರಾ ಕಡಿಮೆ ಇರುವವರು ಒಂದೆರಡು ಮಾದರಿಯನ್ನು ಮುಂಚೆಯೇ ಹೆಪ್ಪುಗಟ್ಟಿಸಿಟ್ಟಿರಬೇಕು. ಅಂಡಾಣು ತೆಗೆಯುವ ದಿನ ಮಾದರಿಯಲ್ಲಿ ಏನೂ ಸಿಗದೆ ಹೋಗುವುದೂ ಉಂಟು, ಒತ್ತಡದಲ್ಲಿ ಮಾದರಿ ಕೊಡಲು ಆಗದೆ ಹೋಗುವುದೂ ಉಂಟು. ಎರಡನೆಯದರ ಬಗ್ಗೆ ಯಾರೂ ಮುಂಚಿತವಾಗಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.

ಒಂದು ಸುತ್ತು ವಿಫಲವಾದರೆ

ವಿಫಲವಾದ ಸುತ್ತಿನ ಪ್ರಯೋಗಾಲಯದ ದಾಖಲೆಯನ್ನು ಕೇಳಿ ಪಡೆಯಬೇಕು. ಎಷ್ಟು ಅಂಡಾಣು, ಎಷ್ಟು ಪಕ್ವ, ಎಷ್ಟು ಫಲೀಕರಣ, ಮೂರನೆಯ ದಿನ ಎಷ್ಟು, ಐದನೆಯ ದಿನ ಎಷ್ಟು ಎಂಬ ಐದು ಸಂಖ್ಯೆಗಳಲ್ಲಿ ಸೋರಿಕೆ ಎಲ್ಲಿ ಅತಿಯಾಯಿತೆಂದು ಕಾಣುತ್ತದೆ. ಫಲೀಕರಣವೇ ಆಗದಿದ್ದರೆ ವೀರ್ಯಾಣು ಅಂಡಾಣುವನ್ನು ಎಚ್ಚರಿಸುವ ಶಕ್ತಿ ಕಳೆದುಕೊಂಡಿರಬಹುದು. ತಲೆ ಗುಂಡಗಿರುವ, ಮೇಲಿನ ಟೋಪಿಯಂಥ ಭಾಗವಿಲ್ಲದ ವೀರ್ಯಾಣುಗಳಲ್ಲಿ ಹೀಗಾಗುತ್ತದೆ, ಅಂಥಲ್ಲಿ ಕ್ಯಾಲ್ಸಿಯಂ ಸಂಬಂಧಿ ದ್ರಾವಣದಿಂದ ಅಂಡಾಣುವನ್ನು ಕೃತಕವಾಗಿ ಚುರುಕುಗೊಳಿಸುವ ಆಯ್ಕೆ ಇದೆ. ಮೂರನೆಯ ದಿನದವರೆಗೆ ಚೆನ್ನಾಗಿ ಬೆಳೆದು ಆಮೇಲೆ ಭ್ರೂಣಗಳು ಸಾಲಾಗಿ ನಿಂತುಹೋದರೆ ವೀರ್ಯಾಣುವಿನ ಕಡೆ ಮತ್ತೊಮ್ಮೆ ನೋಡಬಹುದು, ಏಕೆಂದರೆ ಭ್ರೂಣ ನಾಲ್ಕರಿಂದ ಎಂಟು ಕೋಶಗಳಾಗುವ ಹೊತ್ತಿಗೆ ಅದರ ಸ್ವಂತ ಜೀನುಗಳು, ತಂದೆಯಿಂದ ಬಂದವೂ ಸೇರಿ, ಕೆಲಸ ಆರಂಭಿಸುತ್ತವೆ. ಡಿಎನ್‌ಎ ಪರೀಕ್ಷೆ, ಮಾದರಿಗಳ ನಡುವಿನ ಅಂತರವನ್ನು ಒಂದೆರಡು ದಿನಕ್ಕೆ ಇಳಿಸುವುದು, ಕೆಲವರಲ್ಲಿ ವೃಷಣದಿಂದ ತೆಗೆದ ವೀರ್ಯಾಣುವನ್ನು ಬಳಸುವುದು, ಇವು ಆಗ ಚರ್ಚೆಗೆ ಬರುವ ವಿಷಯಗಳು. ಪಕ್ವವಾದ ಅಂಡಾಣುಗಳೇ ಕಡಿಮೆ ಇದ್ದರೆ ಔಷಧದ ಕ್ರಮವನ್ನು ಬದಲಿಸಬೇಕಾಗಬಹುದು. ಒಳ್ಳೆಯ ಬ್ಲಾಸ್ಟೊಸಿಸ್ಟ್ ಇರಿಸಿಯೂ ಗರ್ಭ ನಿಲ್ಲದಿದ್ದರೆ ಅನೇಕ ಬಾರಿ ಕಾರಣ ಭ್ರೂಣದ ವರ್ಣತಂತುಗಳಲ್ಲಿರುತ್ತದೆ, ಅದರಲ್ಲಿ ಅಂಡಾಣುವಿನ ವಯಸ್ಸಿನ ಪಾಲು ದೊಡ್ಡದು. ಹೆಪ್ಪುಗಟ್ಟಿಸಿದ ಭ್ರೂಣ ಉಳಿದಿದ್ದರೆ ಏನನ್ನೂ ಬದಲಿಸದೆ ಅದನ್ನೇ ಮುಂದಿನ ತಿಂಗಳುಗಳಲ್ಲಿ ಬಳಸುವುದು ಸರಿಯಾದ ಹೆಜ್ಜೆ.